ಜೋಡಿ ಗೈರು

“ತಲೆ ಅಲ್ಲಾಡಿಸಬೇಡಿ ಸಾಹೇಬ್ರೇ. ಕಿವಿಗೆ ಕತ್ತರಿ ತಗುಲಿದ್ರೆ ನಾಳೆ ವಿರೋಧ ಪಕ್ಷದೋರ ಭಾಷಣ ಕೇಳಿಸಲ್ಲ.”

“ಇವತ್ತಿನವರೆಗೂ ಕೇಳಿಸ್ಕೊಂಡಿದೀನಿ ಅಂತ ನಿಂಗ್ಯಾರಪ್ಪ ಹೇಳಿದ್ದು?”

ಶಾಸನಸಭೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಅಂಚೆ ಕೌಂಟರಿಗೂ ಲಿಫ್ಟಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿದ್ದ ಕ್ಷೌರದ ಅಂಗಡಿ ಅದು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೊಂದು ಬೆಂಚು. ಕುರ್ಚಿಯಲ್ಲಿ ಕುತ್ತಿಗೆವರೆಗೂ ಬಿಳಿ ಬಟ್ಟೆ ಹೊದ್ದು ಕೂತವರು ಆಳುವ ಪಕ್ಷದ ದಪ್ಪನೆಯ ಸದಸ್ಯರೊಬ್ಬರು. ಯಾರು ಮಾತಾಡುತ್ತಿದ್ದರೂ ಸದನದ ಗೋಡೆಯ ಗಡಿಯಾರವನ್ನೇ ದಿಟ್ಟಿಸುತ್ತಾರೆಂದು ಕಾರಿಡಾರಿನ ತುಂಬ ಅವರಿಗೆ ‘ಗಡಿಯಾರ’ ಎಂದೇ ಹೆಸರು.

ಬೆಂಚಿನ ಮೇಲೆ ಕೂತಿದ್ದ ಹೆಂಗಸು ನಗಲಿಲ್ಲ. ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದು ಎಷ್ಟೋ ಕಾಲವಾಗಿದ್ದರೂ ಜನ ಅವಳನ್ನು ಇನ್ನೂ ಇನ್ಸ್‌ಪೆಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಅವಳ ತೊಡೆಯ ಮೇಲಿದ್ದ ಪತ್ರಿಕೆಯಲ್ಲಿ ದಪ್ಪ ಅಕ್ಷರದ ಸುದ್ದಿ: ಎಲ್ಲ ಸಮಿತಿಗಳಿಂದ ಟೀಚರಮ್ಮ ಹೊರಕ್ಕೆ.

ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರಮ್ಮನನ್ನು ನಿನ್ನೆ ಮಧ್ಯಾಹ್ನ ಸದನವು ಮೂರೇ ಮತಗಳ ಅಂತರದಲ್ಲಿ ಆರೋಗ್ಯ ಸಮಿತಿಯಿಂದ, ಅದರ ಜೊತೆಗೆ ಅವರಿದ್ದ ಉಳಿದೆಲ್ಲ ಸಮಿತಿಗಳಿಂದ ಎತ್ತಿ ಆಚೆ ಹಾಕಿತ್ತು. ಕಾರಣ, ಅದೇ ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಒಂದು ಫೋಟೋ. ಸರ್ಕಾರಿ ಆಸ್ಪತ್ರೆಗಳಿಗೆ ಬಂದ ಕೆಟ್ಟ ಸಲೈನಿನ ಬಗ್ಗೆ ಸಮಿತಿಯ ಮುಂದೆ ಸಾಕ್ಷಿ ಹೇಳಬೇಕಿದ್ದ ಲ್ಯಾಬ್ ತಜ್ಞನ ಮನೆಯ ಗೇಟಿನಿಂದ ಟೀಚರಮ್ಮ ಹೊರಬರುತ್ತಿರುವ ಫೋಟೋ. ವಿಚಾರಣೆಗೆ ಮೊದಲೇ ಸಾಕ್ಷಿಯನ್ನು ಕದ್ದು ಕಾಣುವ ಸದಸ್ಯರಿಗೆ ಸಮಿತಿಯಲ್ಲಿ ಜಾಗವಿಲ್ಲ. ಫೋಟೋ ಬಂದಾಗಿನಿಂದ ತಜ್ಞನೂ ನಾಪತ್ತೆ. ಅವನ ಹೆಂಡತಿ ಬಾಯಿ ಬಿಡುತ್ತಿಲ್ಲ.

ಇವತ್ತು ಸಂಜೆ ನಾಲ್ಕಕ್ಕೆ ಸಮಿತಿಯ ಉಳಿದ ಸದಸ್ಯರು ಸಲೈನು ಶುದ್ಧವೆಂಬ ವರದಿಗೆ ಸಹಿ ಹಾಕಲಿದ್ದರು. ಸಾಕ್ಷಿಯೂ ಇಲ್ಲ, ಎದುರು ಮಾತಾಡುವ ಟೀಚರಮ್ಮನೂ ಇಲ್ಲ. ಸಲೈನು ತಯಾರಿಸಿದ ಕಂಪನಿ ಕೈ ತೊಳೆದುಕೊಂಡು ಎದ್ದು ಹೋಗುತ್ತದೆ.

ಆ ಸಲೈನು ಹನಿಹನಿಯಾಗಿ ಇಳಿದವರಲ್ಲಿ ಇನ್ಸ್‌ಪೆಕ್ಟ್ರಮ್ಮನ ಅಕ್ಕನೂ ಒಬ್ಬಳು. ಹೆರಿಗೆ ವಾರ್ಡಿಗೆ ನಡೆದುಕೊಂಡೇ ಹೋಗಿದ್ದಳು. ಕೂಸಿನ ಮುಖ ನೋಡಿ, “ನಿನ್ನ ಮೂಗೇ ಬಂದಿದೆ ಕಣೇ, ಪಾಪ ಇದರ ಕರ್ಮ,” ಎಂದು ತಂಗಿಯನ್ನು ಅಣಕಿಸಿದ್ದಳು. ಬೆಳಗಾಗುವಷ್ಟರಲ್ಲಿ ಅಕ್ಕನ ಮೈಯೆಲ್ಲ ನೀಲಿಗಟ್ಟಿ ಉಸಿರು ನಿಂತಿತ್ತು.

ಅಂದಿನಿಂದ ಇನ್ಸ್‌ಪೆಕ್ಟ್ರಮ್ಮನಿಗೆ ಬೇಕಿದ್ದದ್ದು ಒಂದೇ. ನ್ಯಾಯ ಎಂದು ಜನರೆದುರು ಹೇಳುತ್ತಿದ್ದಳು. ಒಳಗೊಳಗೆ ಅದರ ಹೆಸರು ಬೇರೆ ಎಂಬುದು ಅವಳಿಗೆ ಗೊತ್ತಿತ್ತು. ಸಮಿತಿಯೊಳಗೆ ಕಂಪನಿಯ ಕಡೆಯವರು ಯಾರೆಂದು ಹುಡುಕಲು ಎರಡು ವಾರದ ಹಿಂದೆ ಟೀಚರಮ್ಮನೇ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು.

“ನಿನ್ನೆ ಅಂಥ ಗಲಾಟೆ ನಡೀತು, ನೀವು ಸದನದಲ್ಲೇ ಕಾಣಲಿಲ್ಲವಲ್ಲ ಸಾರ್,” ಎಂದಳು, ಪತ್ರಿಕೆ ಮಡಚುತ್ತ.

ಗಡಿಯಾರ ಕನ್ನಡಿಯಲ್ಲೇ ಅವಳನ್ನು ನೋಡಿದರು. “ಮಗಳನ್ನ ಈಜುಕೊಳಕ್ಕೆ ಕರ್ಕೊಂಡು ಹೋಗಿದ್ದೆ. ನೀರಿಗಿಳಿಯೋಕೆ ಹೆದರ್ತಾಳೆ. ಅಪ್ಪನೂ ಇಳಿದ್ರೆ ಇಳೀತೀನಿ ಅಂದ್ಲು.”

“ಸಾಹೇಬ್ರು ಇಳಿದ್ರೆ ಕೊಳದಲ್ಲಿ ನೀರು ಉಳಿಯುತ್ತಾ?” ಎಂದ ಕ್ಷೌರಿಕ.

“ನೀನು ಕತ್ತರಿ ಆಡಿಸು, ನಾಲಿಗೆ ಬೇಡ.”

“ಮತಕ್ಕೆ ಹಾಕೋ ದಿನ ನಿಮ್ಮ ಪಕ್ಷದೋರು ಬಿಟ್ರಾ?” ಇನ್ಸ್‌ಪೆಕ್ಟ್ರಮ್ಮ ದನಿ ಹಗುರವಾಗಿಯೇ ಇಟ್ಟುಕೊಂಡಳು.

“ಬಿಡದೇ ಏನು? ಜೋಡಿ ಇತ್ತಲ್ಲ.”

ಅವಳ ಮುಖ ನೋಡಿ ಗಡಿಯಾರ ತಾವೇ ಬಿಡಿಸಿ ಹೇಳಿದರು. ಸದನದ ಹಳೆಯ ರೂಢಿ ಅದು. ಈ ಕಡೆಯ ಒಬ್ಬರಿಗೆ ಬರಲಾಗದಿದ್ದರೆ ಆ ಕಡೆಯ ಒಬ್ಬರು ಮಾತು ಕೊಟ್ಟು ತಾವೂ ಹೊರಗುಳಿಯುತ್ತಾರೆ. ಅವರ ಮತವೂ ಇಲ್ಲ, ಇವರ ಮತವೂ ಇಲ್ಲ, ತಕ್ಕಡಿ ಸಮ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಬರೀ ಮಾತು. ಆದರೆ ಆ ಮಾತು ಮುರಿದವನಿಗೆ ಕ್ಯಾಂಟೀನಿನಲ್ಲಿ ಯಾರೂ ಪಕ್ಕದ ಕುರ್ಚಿ ಕೊಡುವುದಿಲ್ಲ.

“ನಿಮ್ಮ ಜೋಡಿ ಯಾರು ಸಾರ್?”

“ಇನ್ಯಾರು, ದೊಡ್ಡಪ್ಪ.”

ಟೀಚರಮ್ಮನದೇ ವಿರೋಧ ಪಕ್ಷದವರು, ಸದನದಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯ. ಎರಡೂ ಕಡೆಯವರಿಗೆ ಅವರು ದೊಡ್ಡಪ್ಪ. ಟೀಚರಮ್ಮನನ್ನು ಶಾಲೆಯಿಂದ ಕೈಹಿಡಿದು ರಾಜಕೀಯಕ್ಕೆ ತಂದವರೇ ಅವರು. ನಿನ್ನೆ ಬೆಳಿಗ್ಗೆ ಫೋಟೋ ನೋಡಿ ಎದೆ ಹಿಡಿದುಕೊಂಡು ಕುಸಿದರೆಂದೂ, ಹಾಗಾಗಿ ಸದನಕ್ಕೆ ಬರಲಾಗಲಿಲ್ಲವೆಂದೂ ಟೀಚರಮ್ಮನೇ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದರು.

“ಪಾಪ, ಆಸ್ಪತ್ರೆ ಮಂಚದಿಂದಲೇ ಫೋನ್ ಮಾಡಿದ್ರಾ ನಿಮಗೆ?”

“ಎಲ್ಲಿ ಆಸ್ಪತ್ರೆ? ಮೊನ್ನೆ ಸಂಜೆ ಇದೇ ಅಂಗಡಿಗೆ ಬಂದಿದ್ರು. ನಾನು ಹೀಗೇ ಬಟ್ಟೆ ಹೊದ್ದು ಕೂತಿದ್ದೆ, ಮುಖಕ್ಕೆ ನೊರೆ. ಆ ಪಕ್ಕದ ಕುರ್ಚೀಲಿ ಕೂತು, ‘ನಾಳೆ ನಾನು ಬರಲ್ಲ, ನೀನೂ ಬರಬೇಡ ಮಾರಾಯ,’ ಅಂದ್ರು. ನನಗೂ ಈಜುಕೊಳದ ಕಾಟ. ಆಯ್ತು ಅಂದೆ.”

“ಹೌದಮ್ಮಾ,” ಕ್ಷೌರಿಕ ದನಿಗೂಡಿಸಿದ. “ಗುಂಡುಕಲ್ಲಿನ ಹಾಗಿದ್ರು. ಬೆಳಿಗ್ಗೆ ನೋಡಿದ್ರೆ ಎದೆನೋವಂತೆ.”

ಗಡಿಯಾರ ಕನ್ನಡಿಯಿಂದ ಕಣ್ಣು ತೆಗೆದರು. ತಾವೇನು ಹೇಳಿಬಿಟ್ಟೆವೆಂದು ಆಗಷ್ಟೇ ಹೊಳೆದಂತಿತ್ತು. ಮೊನ್ನೆ ಸಂಜೆ ಫೋಟೋ ಇನ್ನೂ ಅಚ್ಚಾಗಿರಲಿಲ್ಲ. ಟೀಚರಮ್ಮನನ್ನು ತೆಗೆಯುವ ಮಾತನ್ನು ಯಾರೂ ಎತ್ತಿರಲಿಲ್ಲ. ಎದೆಯೂ ನೋಯುತ್ತಿರಲಿಲ್ಲ.

“ನಾನೇನೂ ಹೇಳಿಲ್ಲ ಕಣಮ್ಮಾ,” ಎಂದರು ಮೆಲ್ಲಗೆ.

“ನಾನೂ ಏನೂ ಕೇಳಿಲ್ಲ ಸಾರ್,” ಎಂದು ಇನ್ಸ್‌ಪೆಕ್ಟ್ರಮ್ಮ ಎದ್ದಳು.

ಮೆಟ್ಟಿಲು ಹತ್ತಿ ಹೋಗುವಾಗ ಆರೋಗ್ಯ ಸಮಿತಿಯ ಕೋಣೆ ತೆರೆದೇ ಇತ್ತು. ಸಂಜೆಯ ಸಹಿಗೆ ಅಣಿಯಾಗುತ್ತಿತ್ತು. ಕುದುರೆಲಾಳದ ಆಕಾರದ ಮೇಜಿನ ಸುತ್ತ ಒಬ್ಬೊಬ್ಬರ ಮುಂದೂ ಹೆಸರಿನ ಹಲಗೆ, ಗಾಜಿನ ಲೋಟ, ಹೊಸ ಪೆನ್ನು. ಟೀಚರಮ್ಮನ ಹಲಗೆ ಇರಲಿಲ್ಲ. ಅವರ ಕುರ್ಚಿಯನ್ನು ಗೋಡೆಗೆ ತಳ್ಳಿ ಅದರ ಮೇಲೆ ಒರೆಸುವ ಬಟ್ಟೆ ಎಸೆದಿದ್ದರು. ಉಳಿದ ಕುರ್ಚಿಗಳನ್ನು ಒಂದಿಷ್ಟಿಷ್ಟು ಸರಿಸಿ ನಡುವಿನ ಖಾಲಿಯನ್ನು ಮುಚ್ಚಿದ್ದರು. ಅಲ್ಲೊಬ್ಬರು ಕೂರುತ್ತಿದ್ದರೆಂದು ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷ, ಬಾಯಿ ತೆರೆದರೆ ಬೆಣ್ಣೆ ಸುರಿಸುತ್ತಾನೆಂದು ಬೆನ್ನ ಹಿಂದೆ ಎಲ್ಲರೂ ‘ಬೆಣ್ಣೆ’ ಎಂದೇ ಕರೆಯುವ ಮನುಷ್ಯ, ತನ್ನ ಜಾಗದಲ್ಲಿ ಕೂತು ಪೆನ್ನನ್ನು ಪರೀಕ್ಷಿಸುತ್ತಿದ್ದ. ಅವಳನ್ನು ಕಂಡು ಮುಗುಳ್ನಕ್ಕ.

“ಏನಮ್ಮಾ, ಇನ್ನೂ ಹುಡುಕಾಟ ಮುಗೀಲಿಲ್ವಾ?”

“ಮುಗೀತಾ ಬಂತು ಸಾರ್.”

“ನನ್ನ ಮೇಲೇ ಅನುಮಾನ ಇರಬೇಕಲ್ಲ. ಎಲ್ರಿಗೂ ನಾನೇ ಅಗ್ಗಕ್ಕೆ ಸಿಗೋದು.”

ಇದುವರೆಗೂ ಅವಳ ಅನುಮಾನ ಅವನೊಬ್ಬನ ಮೇಲೇ ಇತ್ತು. ಎರಡು ವಾರದಿಂದ ಅವನ ಕಾರು, ಅವನ ಊಟ, ಅವನ ಬೀಗರ ಮನೆ, ಎಲ್ಲದರ ಬೆನ್ನು ಬಿದ್ದು ಅಲೆದಿದ್ದಳು. ಈಗ ಆ ಮುಗುಳ್ನಗೆಯನ್ನು ನೋಡಿದಾಗ ಮೊದಲ ಸಲ ಅನ್ನಿಸಿತು: ಇವನು ಲಾಭ ಉಂಡವನು, ಅಡುಗೆ ಮಾಡಿದವನಲ್ಲ.

ಅವಳು ಹಿಂಬದಿಯ ಬಾಗಿಲತ್ತ ನಡೆದಳು.

ಸದಸ್ಯರ ಕ್ಲಿನಿಕ್ಕು ಕಟ್ಟಡದ ಹಿಂಬದಿಯ ಅಂಗಳದಾಚೆ. ಬಾಗಿಲಲ್ಲಿ ಕೂತ ನರ್ಸು ಅವಳ ಕೈಚೀಲವನ್ನು ನೋಡಿದಳು, ಮುಖವನ್ನು ನೋಡಿದಳು, ಬೇಡವೆನ್ನಲು ಧೈರ್ಯ ಸಾಲಲಿಲ್ಲ.

“ದೊಡ್ಡಪ್ಪ ಹೇಗಿದ್ದಾರೆ?”

“ಎದೆ ಬಡಿತ ಎಲ್ಲಾ ಚೆನ್ನಾಗೇ ಇದೆ ಮೇಡಂ. ಡಾಕ್ಟ್ರು ಮನೆಗೆ ಹೋಗಿ ಅಂದ್ರು. ಅವರೇ ಹೋಗಲ್ಲ ಅಂತಾರೆ. ಸುಸ್ತು, ಬಾಟ್ಲಿ ಹಾಕಿ ಅಂತ ಹಟ ಹಿಡಿದ್ರು.”

ಕೋಣೆಯಲ್ಲಿ ಫಿನಾಯಿಲ್ ವಾಸನೆ. ಕಿಟಕಿಯ ಪರದೆ ಅರ್ಧ ಎಳೆದಿತ್ತು. ದೊಡ್ಡಪ್ಪ ದಿಂಬಿಗೊರಗಿ ಕಿತ್ತಳೆ ಸುಲಿಯುತ್ತಿದ್ದರು. ಎಡಗೈಗೆ ಸೂಜಿ, ಸೂಜಿಯಿಂದ ಮೇಲಕ್ಕೆ ಕೊಳವೆ, ಕಂಬದ ತುದಿಯಲ್ಲಿ ಬಾಟಲಿ. ಬಾಟಲಿಯ ಮೇಲೆ ದುಬಾರಿ ವಿದೇಶಿ ಕಂಪನಿಯ ಚೀಟಿ. ಸದಸ್ಯರ ಕ್ಲಿನಿಕ್ಕಿಗೆ ಬರುವುದೇ ಬೇರೆ ಮಾಲು.

“ಬಾರಮ್ಮಾ, ಕೂತ್ಕೋ. ಕಿತ್ತಳೆ ತಿಂತೀಯಾ?”

“ಬೇಡ ದೊಡ್ಡಪ್ಪ. ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಏನು ನೋಡ್ತೀಯ ಈ ಮುದುಕನ್ನ. ಆ ಫೋಟೋ ನೋಡ್ತಿದ್ದ ಹಾಗೇ ಎದೇಲಿ ಹಿಡ್ಕೊಂಡ ಹಾಗಾಯ್ತು. ಸದನಕ್ಕೆ ಹೋಗೋಕಾಗಲಿಲ್ಲ. ಅವಳ ಪಕ್ಕ ನಿಲ್ಲೋಕಾಗಲಿಲ್ಲ.” ಅವರ ದನಿ ನಡುಗಿತು. ಕಿತ್ತಳೆಯ ನಾರು ಬಿಡಿಸುವ ಬೆರಳು ನಡುಗಲಿಲ್ಲ.

“ನೀವಿದ್ದಿದ್ರೆ ಅವರು ಸೋಲ್ತಿರಲಿಲ್ಲ ಅಂತ ಎಲ್ರೂ ಅಂತಾರೆ.”

“ಹಾಗಂದ್ರೆ ತಪ್ಪಾಗುತ್ತೆ.” ದೊಡ್ಡಪ್ಪ ಥಟ್ಟನೆ ತಲೆಯೆತ್ತಿದರು. “ನಾನು ಜೋಡಿ ಮಾಡ್ಕೊಂಡೇ ಉಳಿದದ್ದು. ನಂದೊಂದು ಮತ ಕಮ್ಮಿಯಾದ್ರೆ ಆ ಕಡೇದೂ ಒಂದು ಕಮ್ಮಿ. ಇಷ್ಟು ವರ್ಷದಲ್ಲಿ ಜೋಡಿ ಇಲ್ಲದೆ ನಾನು ಒಂದು ದಿನ ಗೈರಾಗಿಲ್ಲ. ನನ್ನ ಗೈರಿನಿಂದ ಅವಳು ಸೋತಳು ಅಂತ ಯಾರೂ ಹೇಳಕೂಡದು.”

ಅವಳು ಬಾಟಲಿಯ ಕಡೆ ನೋಡಿದಳು. ಹನಿ ಬೀಳುವುದು ಕಾಣುತ್ತಿತ್ತು.

“ಎದೆ ಹಿಡ್ಕೊಂಡು ಬಿದ್ದೋರು ಜೋಡಿ ಹುಡುಕೋಕೆ ಯಾವಾಗ ಹೋದ್ರಿ?”

ಕಿತ್ತಳೆಯ ತೊಳೆಯೊಂದು ಅವರ ಬೆರಳಲ್ಲೇ ನಿಂತಿತು.

“ನಾನೇ ಹೇಳ್ಲಾ? ಮೊನ್ನೆ ಸಂಜೆ. ಕ್ಷೌರದ ಅಂಗಡೀಲಿ. ಬಲಗಡೆ ಕುರ್ಚೀಲಿ ಕೂತು.” ಅವಳು ಕುರ್ಚಿಯನ್ನು ಮಂಚಕ್ಕೆ ತೀರ ಹತ್ತಿರ ಎಳೆದುಕೊಂಡಳು. “ಫೋಟೋ ಬರುತ್ತೆ, ಅದರ ಹಿಂದೆ ನಿರ್ಣಯ ಬರುತ್ತೆ, ಅದು ಮತಕ್ಕೆ ಬೀಳುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಬೇರೆ ಯಾರಾಗಿದ್ರೂ ಸುಮ್ನೆ ಮನೇಲಿ ಮಲಗಿಬಿಡ್ತಿದ್ರು. ನಿಮಗೆ ಹಾಗೆ ಮಲಗೋಕೆ ಬರಲ್ಲ. ಬೆನ್ನಿಗೆ ಚೂರಿ ಹಾಕೋವಾಗಲೂ ಮರ್ಯಾದೆ ಬಿಡದೋರು ನೀವು.”

“ನಾಲಿಗೆ ಬಿಗಿ ಹಿಡಿ.”

“ನಿಮ್ಮ ಒಂದು ಮತ ಸಮ ಆಯ್ತು, ಒಪ್ಪಿದೆ. ನಿಮ್ಮ ಬೆನ್ನ ಹಿಂದೆ ಕೂರೋ ನಾಲ್ಕು ಜನ? ನೀವು ಕೈಯೆತ್ತಿದ್ರೆ ಎತ್ತೋರು, ಇಳಿಸಿದ್ರೆ ಇಳಿಸೋರು. ನಿನ್ನೆ ನಿಮ್ಮ ಖಾಲಿ ಕುರ್ಚಿ ನೋಡ್ಕೊಂಡು ಕೈಯೆತ್ತದೆ ತೆಪ್ಪಗೆ ಕೂತಿದ್ರಂತೆ. ಅವರು ಸೋತದ್ದು ಮೂರೇ ಮತದಲ್ಲಿ. ಅವರಿಗೂ ಜೋಡಿ ಹುಡುಕಿದ್ರಾ?”

ದೊಡ್ಡಪ್ಪ ಕಿತ್ತಳೆಯನ್ನು ತಟ್ಟೆಗೆ ಹಾಕಿ ಕಿಟಕಿಯತ್ತ ಮುಖ ತಿರುಗಿಸಿದರು. “ನನಗೆ ಸುಸ್ತಾಗ್ತಿದೆ. ನರ್ಸನ್ನ ಕರಿ.”

“ಸುಸ್ತಿಗೆ ನಾನೇ ಔಷಧಿ ತಂದಿದ್ದೀನಿ.”

ಅವಳು ಕೈಚೀಲದಿಂದ ಬಿಳಿ ಬಟ್ಟೆ ಸುತ್ತಿದ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಸಲೈನ್ ಬಾಟಲಿ. ಸೀಲು ಒಡೆದಿರಲಿಲ್ಲ. ಮೇಲೆ ಆ ಕಂಪನಿಯ ನೀಲಿ ಚೀಟಿ.

“ಅಕ್ಕನ ಮಂಚದ ಕೆಳಗೆ ಇನ್ನೊಂದು ಇಟ್ಟಿದ್ರು. ಮೊದಲನೇದು ಮುಗಿದ ಮೇಲೆ ಹಾಕೋಕೆ. ಹಾಕೋ ಅಗತ್ಯ ಬೀಳಲಿಲ್ಲ.”

ದೊಡ್ಡಪ್ಪನ ಕಣ್ಣು ಬಾಟಲಿಯ ಮೇಲೆ ನೆಟ್ಟಿತು.

ಅವಳು ಅವಸರ ಮಾಡಲಿಲ್ಲ. ಬಾಟಲಿಯನ್ನು ಕಂಬದ ಇನ್ನೊಂದು ಕೊಕ್ಕೆಗೆ ನೇತು ಹಾಕಿದಳು. ಕೊಳವೆಯ ಮೇಲಿನ ಪುಟ್ಟ ಗಾಲಿಯನ್ನು ಉರುಳಿಸಿ ಹನಿ ನಿಲ್ಲಿಸಿದಳು. ವಿದೇಶಿ ಬಾಟಲಿಯಿಂದ ಕೊಳವೆಯ ಚೂಪು ತುದಿಯನ್ನು ಎಳೆದು ತೆಗೆದಳು. ನೀರು ಅವಳ ಮಣಿಕಟ್ಟಿನ ಮೇಲೆ ತಣ್ಣಗೆ ಇಳಿದು ಹಾಸಿಗೆಗೆ ಸುರಿಯಿತು.

“ಏನು ಮಾಡ್ತಿದ್ದೀಯಾ?”

“ಸಂಜೆ ನಾಲ್ಕಕ್ಕೆ ಇದು ಶುದ್ಧ ಅಂತ ಸಹಿ ಬೀಳುತ್ತೆ. ಶುದ್ಧವಾದದ್ದನ್ನ ಹಾಕಿಸ್ಕೊಳ್ಳೋಕೆ ಏನು ಕಷ್ಟ ದೊಡ್ಡಪ್ಪ?”

“ಹುಚ್ಚು ಹಿಡಿದಿದ್ಯಾ ನಿನಗೆ? ನರ್ಸ್,” ಎಂದು ಕೂಗಿದರು. ಕೂಗು ಬಾಗಿಲು ದಾಟಲಿಲ್ಲ.

ಚೂಪು ತುದಿಯನ್ನು ಹೊಸ ಬಾಟಲಿಯ ರಬ್ಬರಿಗೆ ತಾಗಿಸಿ ಅವಳು ಹಾಗೇ ನಿಂತಳು. ಒಂದು ಸಲ ಒತ್ತಿದರೆ ಸಾಕು. ಅಕ್ಕನ ತುಟಿಯ ಬಣ್ಣ ಕಣ್ಣೆದುರು ಬಂತು. ಒತ್ತಬೇಕೆಂದು ಕೈಗೆ ಎಷ್ಟು ಆಸೆಯಾಯಿತೆಂದರೆ ಅವಳಿಗೆ ತನ್ನ ಕೈಯನ್ನು ಕಂಡೇ ಹೆದರಿಕೆಯಾಯಿತು. ಆದರೂ ಕೈ ಹಿಂತೆಗೆಯಲಿಲ್ಲ.

“ಬೇಡ,” ಎಂದರು ದೊಡ್ಡಪ್ಪ. ಬಲಗೈಯಿಂದ ಸೂಜಿಯ ಪಟ್ಟಿಯನ್ನು ಕೀಳಲು ಹೋಗಿ ಹಾಸಿನ ಮೇಲೆ ರಕ್ತದ ಚುಕ್ಕೆ ಮಾಡಿಕೊಂಡರು. “ಬೇಡ ಮಗಳೇ. ಅದು ಬೇಡ.”

“ಯಾಕೆ ಬೇಡ?”

“ಅದರಲ್ಲಿ ಏನಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.”

“ಹೇಗೆ ಗೊತ್ತು? ನೀವು ಸಮಿತೀಲಿಲ್ಲ. ಸಾಕ್ಷಿ ಇನ್ನೂ ಬಾಯಿ ಬಿಟ್ಟಿಲ್ಲ. ಯಾರು ಹೇಳಿದ್ರು?”

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಮುಖದ ಮೇಲಿದ್ದ ಹಿರಿತನವೆಲ್ಲ ಯಾರೋ ಒರೆಸಿ ತೆಗೆದಂತೆ ಹೋಗಿ, ಬರೀ ವಯಸ್ಸು ಉಳಿಯಿತು.

“ಬೆಣ್ಣೆನಾ? ಕಂಪನಿಯೋರಾ? ಯಾರ ಮಾತಿಗೆ ನೀವು ಮಲಗಿದ್ರಿ?”

“ಮಾತು ಕೊಟ್ಟಿದ್ದೀನಿ ಕಣಮ್ಮಾ. ಹೇಳಲ್ಲ ಅಂತ.”

“ನನ್ನ ಅಕ್ಕನಿಗೂ ಡಾಕ್ಟ್ರು ಮಾತು ಕೊಟ್ಟಿದ್ರು. ಬೆಳಿಗ್ಗೆ ಮನೆಗೆ ಕಳಿಸ್ತೀವಿ ಅಂತ.” ಅವಳು ತುದಿಯನ್ನು ಕೂದಲೆಳೆಯಷ್ಟು ಒತ್ತಿದಳು. ರಬ್ಬರು ಒಳಕ್ಕೆ ತಗ್ಗಿತು.

“ಅವಳೇ,” ಎಂದರು.

“ಯಾರು?”

“ಟೀಚರಮ್ಮ. ಅವಳೇ ಬಂದು ಕೇಳ್ಕೊಂಡಳು. ನೀವು ಬರಬೇಡಿ ದೊಡ್ಡಪ್ಪ, ನೀವಿದ್ರೆ ನಿರ್ಣಯ ಬಿದ್ದುಹೋಗುತ್ತೆ, ನಾನು ಸಮಿತಿಯಿಂದ ಹೊರಗೆ ಬೀಳಬೇಕು ಅಂತ. ಫೋಟೋ ನಾಳೆ ಬರುತ್ತೆ ಅಂತ ಹೇಳಿದ್ದೂ ಅವಳೇ. ತೆಗೆಸಿದ್ದೂ ಅವಳೇ ಇರಬೇಕು.”

ಇನ್ಸ್‌ಪೆಕ್ಟ್ರಮ್ಮನ ಕೈ ತಾನಾಗಿಯೇ ಕೆಳಗಿಳಿಯಿತು.

“ಸುಳ್ಳು.”

“ಸಮಿತಿ ಒಳಗಿದ್ರೆ ಗುಟ್ಟು ಕಾಯ್ತೀನಿ ಅಂತ ಪ್ರಮಾಣ ಮಾಡಿರ್ತಾರೆ, ಬಾಯಿಗೆ ಬೀಗ. ಹೊರಗೆ ಹಾಕಿಸ್ಕೊಂಡ್ರೆ ಊರೆಲ್ಲಾ ಸಾರಬಹುದು ಅಂದಳು. ಬಾಟ್ಲೀಲಿ ಏನಿದೆ ಅಂತ ಆಗಲೇ ಹೇಳಿದ್ದು. ನಂಬಿದೆ. ಒಳ್ಳೇ ಹುಡುಗಿ, ನಾನೇ ಬೆಳೆಸಿದ್ದು. ನಿನ್ನೆಯಿಂದ ಕಾಯ್ತಿದ್ದೀನಿ, ಬಾಯಿ ಬಿಡ್ತಾಳೆ ಅಂತ. ಬಿಟ್ಟಳಾ? ಸದನದ ಮೆಟ್ಟಿಲ ಮೇಲೆ ನಿಂತು ಅತ್ತಳು. ಕಂಪನಿ ಹೆಸರು ಒಂದು ಸಲ ಬಂತಾ ಅವಳ ಬಾಯಲ್ಲಿ?”

ಬಂದಿರಲಿಲ್ಲ. ಇನ್ಸ್‌ಪೆಕ್ಟ್ರಮ್ಮ ಆ ಅಳುವನ್ನು ಪಕ್ಕದಲ್ಲೇ ನಿಂತು ನೋಡಿದ್ದಳು, ಕರ್ಚೀಫು ಕೊಟ್ಟಿದ್ದಳು. ಅಧ್ಯಕ್ಷನ ಹೆಸರು ಬಂದಿತ್ತು. ಮತ್ತೆ ಮತ್ತೆ ಬಂದಿತ್ತು.

“ಹೊರಗೆ ಬಿದ್ದು ಅವಳು ಗೆಲ್ಲಿಸಿದ್ದು ಕಂಪನೀನೇ. ಆಮೇಲೆ ಆ ಲ್ಯಾಬಿನೋನು ಕಾಣೆಯಾದ. ಅಲ್ಲಿಂದ ನನಗೆ ನಿಜವಾಗಲೂ ಎದೆ ನೋಯ್ತಿದೆ,” ಎಂದರು ದೊಡ್ಡಪ್ಪ. “ಮನೆಗೆ ಹೋದ್ರೆ ಅವಳು ಬರ್ತಾಳೆ. ಇಲ್ಲಾದ್ರೆ ಬಾಗಿಲಲ್ಲಿ ಒಬ್ಬಳು ನರ್ಸಾದ್ರೂ ಇರ್ತಾಳೆ.”

“ಹಾಗಾದ್ರೆ ನನ್ನನ್ನ ಯಾಕೆ ಕೆಲಸಕ್ಕೆ ಇಟ್ಕೊಂಡ್ರು? ಹುಡುಕು ಅಂತ ಯಾಕೆ ಹೇಳಿದ್ರು?”

“ನೀನೇ ಯೋಚಿಸು. ಊರಲ್ಲಿ ಇಷ್ಟು ಜನ ಪತ್ತೇದಾರರಿದ್ದಾರೆ. ಅಕ್ಕನ್ನ ಕಳ್ಕೊಂಡು ಹೊಟ್ಟೆ ಉರೀತಿರೋಳನ್ನೇ ಹುಡುಕಿ ತಂದಳಲ್ಲ. ಬೆಣ್ಣೆ ಕಡೆ ಬೆರಳು ತೋರಿಸಿದ್ರೆ ನೀನು ಹಿಂದೆ ಮುಂದೆ ನೋಡದೆ ಹೋಗ್ತೀಯ ಅಂತ ಅವಳಿಗೆ ಗೊತ್ತಿತ್ತು. ಹೋದೆ ತಾನೇ?”

ಇಷ್ಟು ದಿನ ಎದೆಯಲ್ಲಿ ಉರಿಯುತ್ತಿದ್ದದ್ದು ಆರಲಿಲ್ಲ. ದಿಕ್ಕು ತಪ್ಪಿ ಅಲ್ಲೇ ಗಿರಗಿರ ಸುತ್ತಿತು. ಮುದುಕ ಸುಳ್ಳು ಹೇಳುತ್ತಿರಬಹುದು, ಹೆದರಿದವರು ಕೈಗೆ ಸಿಕ್ಕವರ ಹೆಸರು ಹೇಳುತ್ತಾರೆ. ಪೊಲೀಸ್ ಠಾಣೆಯಲ್ಲಿ ಅಂಥವರನ್ನು ಬೇಕಾದಷ್ಟು ಕಂಡಿದ್ದಳು. ಆದರೆ ಮೋಸ ಮಾಡಲು ಹೊರಟ ದಿನವೂ ಎದುರು ಪಕ್ಷದವನ ಬಳಿ ಹೋಗಿ ತಕ್ಕಡಿ ಸಮ ಮಾಡಿ ಬಂದವನು ಈತ. ಸುಳ್ಳು ಹೇಳುವವರಿಗೆ ಅಷ್ಟು ತಾಪತ್ರಯ ಬೇಡ.

ಟೀಚರಮ್ಮ ಅವಳನ್ನು ಮೊದಲ ಭೇಟಿಯಲ್ಲೇ ತಂಗಿ ಎಂದಿದ್ದರು. ಹಾಗೆ ಕರೆಯುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆ ಒಂದು ಕರೆಗೆ ಕರಗಿ ಕೂಲಿಯ ಮಾತನ್ನೂ ಅವಳು ಎತ್ತಿರಲಿಲ್ಲ.

ಕೈಚೀಲದಲ್ಲಿ ಫೋನು ಅದುರಿತು. ಪರದೆಯ ಮೇಲೆ ಟೀಚರಮ್ಮ.

ದೊಡ್ಡಪ್ಪ ಹೆಸರನ್ನು ಓದಿಕೊಂಡರು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ತಲೆ ಅಲ್ಲಾಡಿಸಿದರು, ನಾನಿಲ್ಲಿಲ್ಲ ಅನ್ನುವ ಹಾಗೆ.

“ಹೇಳಿ ಟೀಚರಮ್ಮ.”

“ಎಲ್ಲಿದ್ದೀಯ ತಂಗಿ? ಬೆಳಿಗ್ಗೆಯಿಂದ ಸುದ್ದಿನೇ ಇಲ್ಲ.”

“ಬೆಣ್ಣೆ ಬೆನ್ನು ಬಿದ್ದಿದ್ದೀನಿ.” ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. “ಸಮಿತಿ ಕೋಣೇಲಿ ಪೆನ್ನು ಹಿಡ್ಕೊಂಡು ಕೂತಿದ್ದಾನೆ.”

“ಬಿಡಬೇಡ ಅವನನ್ನ. ಅವನಿಗೆ ನಾನು ಒಂದು ಗತಿ ಕಾಣಿಸ್ತೀನಿ.” ಟೀಚರಮ್ಮನ ದನಿಯಲ್ಲಿ ಎಂದಿನ ತಾಳ್ಮೆ, ಮಕ್ಕಳಿಗೆ ಮಗ್ಗಿ ಹೇಳಿಸುವ ತಾಳ್ಮೆ. “ಒಂದು ಒಳ್ಳೇ ಸುದ್ದಿ ಇದೆ. ನಾನೀಗ ಲ್ಯಾಬಿನವರ ಮನೇಲಿದ್ದೀನಿ. ಅವರ ಹೆಂಡ್ತಿ ಹತ್ರ ಕೂತು ಸಮಾಧಾನ ಮಾಡಿದೆ. ಪಾಪ, ಎಷ್ಟು ದಿಗಿಲು ಬಿದ್ದಿದ್ಲು ಗೊತ್ತಾ. ಕೊನೆಗೂ ಹೇಳಿದ್ಲು, ಗಂಡ ಎಲ್ಲಿ ಅಡಗಿದ್ದಾರೆ ಅಂತ.”

ಇನ್ಸ್‌ಪೆಕ್ಟ್ರಮ್ಮ ಮಂಚದ ಸರಳನ್ನು ಹಿಡಿದುಕೊಂಡಳು. ಆ ಹೆಂಡತಿಯ ಬಾಯಿ ಬಿಡಿಸಲು ತನ್ನಿಂದ ಆಗಿರಲಿಲ್ಲ. ಪೊಲೀಸರಿಂದಲೂ ಆಗಿರಲಿಲ್ಲ.

“ನಾನು ಬರ್ತೀನಿ. ನೀವಲ್ಲೇ ಇರಿ.”

“ನೀನ್ಯಾಕೆ? ನೀನು ಬೆಣ್ಣೇನ ನೋಡ್ಕೋ. ನಾನೇ ಹೋಗಿ ಕರ್ಕೊಂಡು ಬರ್ತೀನಿ.”

“ಒಬ್ಬರೇ ಹೋಗಬೇಡಿ. ಎಲ್ಲಿ ಅಂತ ಹೇಳಿ ಟೀಚರಮ್ಮ, ಜಾಗ ಯಾವುದು?”

ಆ ಕಡೆಯಿಂದ ಒಂದು ಸಣ್ಣ ನಗು ಕೇಳಿಸಿತು.

“ಫೋನಲ್ಲಿ ಯಾವ ಜಾಗದ ಹೆಸರನ್ನೂ ಹೇಳಬಾರದು ಅಂತ ನೀನೇ ಅಲ್ವೇನೇ ನನಗೆ ಕಲಿಸಿದ್ದು?”

ಕಾರಿನ ಬಾಗಿಲು ಮುಚ್ಚಿದ ಸದ್ದು ಬಂತು. ಆಮೇಲೆ ಇನ್ನೊಂದು ಬಾಗಿಲಿನದು. ಕಾರಿನೊಳಗಿಂದ ಗಂಡಸಿನ ದನಿಯೊಂದು, “ಹೊರಡೋಣ್ವಾ ಮೇಡಂ?” ಎಂದಿತು.

ಟೀಚರಮ್ಮನಿಗೆ ಡ್ರೈವರ್ ಇರಲಿಲ್ಲ. ಕಾರನ್ನು ಅವರೇ ಓಡಿಸುತ್ತಿದ್ದರು.